ಮೋಡಗಳ ಪುಸ್ತಕದ ಒಡೆತನ

ಜೂನ್ 3

ಗ್ರಂಥಪಾಲಕರಿಗೆ,

ನಮಸ್ಕಾರ. ನಾನು ನಿಮ್ಮ ಗ್ರಂಥಾಲಯದ ಹಳೆಯ ಸದಸ್ಯೆ. ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ಹಾಗಾಗಿ ಯಾರಿಗೆ ಏನು ಬರೆದರೂ ಮೊದಲು ಮದುವೆಯ ಸುದ್ದಿಯೇ ಬಂದುಬಿಡುತ್ತದೆ, ಕ್ಷಮಿಸಿ. ಈಗ ನಾನಿರುವುದು ನಮ್ಮ ಊರಿನಿಂದ ಒಂದು ಹಗಲು ಪೂರ್ತಿ ಬಸ್ಸಿನಲ್ಲಿ ಕೂರಬೇಕಾದಷ್ಟು ದೂರದಲ್ಲಿ, ಒಂದು ದೊಡ್ಡ ಕಟ್ಟಡದ ಮೂರನೆಯ ಮಹಡಿಯಲ್ಲಿ. ಕೆಳಗಡೆ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿ. ಮೇಲೆ ಬರೀ ಆಕಾಶ. ಅಡುಗೆಮನೆ ಎಷ್ಟು ಚಿಕ್ಕದೆಂದರೆ ನಿಂತಲ್ಲಿಂದ ಎಲ್ಲವೂ ಕೈಗೆ ಸಿಗುತ್ತದೆ, ಎಷ್ಟು ಅನುಕೂಲ ನೋಡಿ.

ನಮ್ಮವರು ವಕೀಲರು. ‘ನಮ್ಮವರು’ ಅಂತ ಬರೆಯುವುದೇ ಒಂದು ಖುಷಿ, ಅವಕಾಶ ಸಿಕ್ಕಲ್ಲೆಲ್ಲ ಬರೆಯುತ್ತೇನೆ.

ವಿಷಯ ಇದು. ಅಮ್ಮ ಕಟ್ಟಿಕೊಟ್ಟ ಪೆಟ್ಟಿಗೆಗಳನ್ನು ಬಿಚ್ಚುತ್ತಿದ್ದೆ. ನನ್ನ ಶಾಲೆಯ ಡ್ರಾಯಿಂಗ್ ಹಾಳೆಗಳ ದಪ್ಪ ಫೈಲಿನೊಳಗಿಂದ ನಿಮ್ಮ ಪುಸ್ತಕವೊಂದು ಜಾರಿ ನನ್ನ ಕಾಲ ಮೇಲೆ ಬಿತ್ತು. ಮೋಡಗಳನ್ನು ಗುರುತಿಸುವುದು ಹೇಗೆ ಅಂತ ಕಲಿಸುವ ಪುಸ್ತಕ, ನೀಲಿ ಬಟ್ಟೆಯ ರಟ್ಟು, ಪುಟಪುಟದಲ್ಲೂ ಚಿತ್ರ. ಹತ್ತನೆಯ ತರಗತಿಯಲ್ಲಿ ಇದನ್ನು ಕಳೆದುಹಾಕಿ ಮನೆಯಲ್ಲಿ ಬೈಸಿಕೊಂಡಿದ್ದೆ. ನಿಮ್ಮ ನಿಯಮದಂತೆ ಅಪ್ಪ ಅಂಗಡಿ ಅಂಗಡಿ ಅಲೆದು ಅದೇ ಪುಸ್ತಕದ ಇನ್ನೊಂದು ಪ್ರತಿ ತಂದುಕೊಟ್ಟಿದ್ದರು. ಅಂದರೆ ನಿಮ್ಮ ಪುಸ್ತಕ ನಿಮಗೆ ಬಂದಾಯಿತು, ಹಾಗಾದರೆ ಇದು ನನ್ನದೇ ಅಲ್ಲವೇ? ನಮ್ಮವರೂ ಹಾಗೇ ಅಂದರು. ‘ಇದು ನಿಮ್ಮದು’ ಎಂದು ಒಂದು ಸಾಲು ಬರೆದು ಕಳಿಸಿದರೆ ಸಾಕು, ಮೊದಲ ಪುಟದಲ್ಲಿ ನನ್ನ ಹೆಸರು ಬರೆದುಕೊಳ್ಳುತ್ತೇನೆ. ಈ ಮನೆಯಲ್ಲಿ ಬಾಗಿಲ ಫಲಕದಿಂದ ಹಿಡಿದು ಅಂಚೆ ಡಬ್ಬಿಯವರೆಗೆ ಎಲ್ಲದರ ಮೇಲೂ ಅವರ ಹೆಸರೇ. ಒಂದಾದರೂ ನನ್ನ ಹೆಸರಿನದು ಇರಲಿ ಅಂತ ಆಸೆ.

ಫೋನ್ ಮಾಡಿದ್ದೆ. ತೆಗೆದವರು, ಪುಸ್ತಕದ ವಿಚಾರವೆಲ್ಲ ಬರವಣಿಗೆಯಲ್ಲೇ ಬರಬೇಕು ಅಂದು ಇಟ್ಟುಬಿಟ್ಟರು. ಅದಕ್ಕೇ ಈ ಪತ್ರ.

ಇಂತಿ, ನಿಮ್ಮ ಹಳೆಯ ಸದಸ್ಯೆ


ಜೂನ್ 12

ಮಾನ್ಯರೇ,

ನಿಮ್ಮ ಪತ್ರ ತಲುಪಿದೆ. ಪುಸ್ತಕ ಗ್ರಂಥಾಲಯದ್ದು. ನಿಮ್ಮ ತಂದೆಯವರು ತಂದುಕೊಟ್ಟದ್ದು ನಷ್ಟಕ್ಕೆ ಪರಿಹಾರ. ಪರಿಹಾರ ಕೊಡುವುದು ಬೇರೆ, ಕೊಳ್ಳುವುದು ಬೇರೆ. ನಾವು ಆ ಪುಸ್ತಕವನ್ನು ಯಾರಿಗೂ ಮಾರಿಲ್ಲ, ಯಾರಿಗೂ ದಾನ ಕೊಟ್ಟಿಲ್ಲ. ಅದು ಇಷ್ಟು ವರ್ಷ ಎಲ್ಲಿದೆಯೆಂದು ಗೊತ್ತಿರಲಿಲ್ಲ, ಅಷ್ಟೇ. ದಯವಿಟ್ಟು ಹೆಸರು ಬರೆಯಬೇಡಿ.

ಫೋನ್ ಇಟ್ಟವಳು ನಾನೇ. ಆಗ ಓದುವ ಕೋಣೆಯಲ್ಲಿ ಜನರಿದ್ದರು.

ಮದುವೆಯ ಶುಭಾಶಯಗಳು.

ಗ್ರಂಥಪಾಲಕಿ


ಜೂನ್ 17

ಮೇಡಂ,

ನಿಮ್ಮ ಪತ್ರ ಬಂದಾಗ ಮೆಟ್ಟಿಲ ಮೇಲೇ ಒಡೆದು ಓದಿದೆ. ಅಂಚೆ ಡಬ್ಬಿಯಲ್ಲಿ ನನ್ನ ಹೆಸರಿಗೆ ಬಂದ ಮೊದಲ ಕಾಗದ ಇದು. ಪುಸ್ತಕ ಕೊಡುವುದಿಲ್ಲ ಎಂದು ಬರೆದಿದ್ದರೂ ಎಷ್ಟು ಸಂತೋಷವಾಯಿತೋ ಹೇಳಲಾರೆ.

ಆದರೆ ಸೋಲು ಒಪ್ಪುವುದಿಲ್ಲ. ಊಟಕ್ಕೆ ಕೂತಾಗ ನಮ್ಮವರಿಗೆ ನಿಮ್ಮ ಪತ್ರ ಓದಿ ಹೇಳಿದೆ. ಅವರು ಕೈಯಲ್ಲಿದ್ದ ಚಮಚ ಕೆಳಗಿಟ್ಟು, “ಅಲ್ಲ ಕಣೆ, ಅವರೂ ಒಂದು ತಗೊಂಡ್ರು, ನೀನೂ ಒಂದು ಇಟ್ಕೊಂಡೆ, ಲೆಕ್ಕ ಮುಗೀತಲ್ಲ, ಇನ್ನೆಂಥಾ ಕೇಸು?” ಅಂದರು. ಅಂದರೆ ಇದು ವಿನಿಮಯ. ನೀವು ಬದಲಿ ಪ್ರತಿ ಸ್ವೀಕರಿಸಿದ ಕ್ಷಣವೇ ಹಳೆಯದರ ಮೇಲಿನ ಹಕ್ಕು ಬಿಟ್ಟಂತೆ. ಆಮೇಲೆ ಇಬ್ಬರೂ ನಕ್ಕೆವು. ನಾನು ಗ್ರಂಥಾಲಯದ ಪರ ವಾದಿಸಿದೆ, ಅವರು ನನ್ನ ಪರ. ಅನ್ನ ಆರಿಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಇಲ್ಲಿಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಾ ಪುಸ್ತಕ ತೆರೆದಿಟ್ಟುಕೊಂಡು ಮೋಡ ಗುರುತಿಸುತ್ತೇನೆ. ಮೀನಿನ ಹುರುಪೆಯಂಥ ಮೋಡ ನಿನ್ನೆ ಸಿಕ್ಕಿತು. ಯಾರಿಗಾದರೂ ತೋರಿಸೋಣವೆಂದರೆ ಎದುರು ಮನೆಯವರು ನಾನು ಬಾಗಿಲು ತೆಗೆದಾಗಲೆಲ್ಲ ತಮ್ಮದನ್ನು ಮುಚ್ಚುತ್ತಾರೆ. ನಾಚಿಕೆ ಸ್ವಭಾವ ಇರಬೇಕು.

ನಿಮ್ಮ ಉತ್ತರಕ್ಕೆ ಕಾಯುತ್ತೇವೆ. (ನಾವಿಬ್ಬರೂ.)

ಸದಸ್ಯೆ


ಜೂನ್ 27

ಮಾನ್ಯರೇ,

ವಿನಿಮಯ ಎನ್ನಬೇಕಾದರೆ ಎರಡೂ ಕಡೆಯವರು ಕೊಡಲು ಒಪ್ಪಿರಬೇಕು. ಇಲ್ಲದ ವಸ್ತುವನ್ನು ನಾವು ಕೊಡಲು ಒಪ್ಪಿದ್ದೆವು ಎಂದು ಹೇಳುವುದು ಹೇಗೆ? ನಿಮ್ಮ ಯಜಮಾನರು ಇದನ್ನು ಯೋಚಿಸಿಲ್ಲ. ಊಟದ ನಡುವೆ ಕೊಟ್ಟ ಸಲಹೆ ಎಂದು ಬಿಟ್ಟಿದ್ದೇನೆ.

ನಿಮ್ಮ ಪತ್ರವನ್ನು ನಮ್ಮ ಅಟೆಂಡರ್‌ಗೆ ತೋರಿಸಿದೆ. ಮುಂದಿನ ತಿಂಗಳು ಅವರು ನಿವೃತ್ತರಾಗುತ್ತಾರೆ. ಕನ್ನಡಕ ಮೇಲೆತ್ತಿ ನೋಡಿ, “ಅಯ್ಯೋ, ಆ ಗಿಳಿನಾ ಮೇಡಂ? ‘ಮೌನ’ ಅನ್ನೋ ಬೋರ್ಡಿನ ಕೆಳಗೇ ಕೂತು ಗಟ್ಟಿಯಾಗಿ ಓದ್ತಿದ್ಲಲ್ಲ” ಎಂದರು. ಆಗ ನನಗೂ ನೆನಪಾಯಿತು. ಎರಡು ಜಡೆ, ಕಿಟಕಿಯ ಪಕ್ಕದ ಕುರ್ಚಿ. ಎರಡು ಸಲ ಹೊರಗೆ ಕಳಿಸಿದ್ದೇನೆ. ನೀವು ಹೊರಗಿನ ಮೆಟ್ಟಿಲ ಮೇಲೆ ಕೂತು ಇನ್ನೂ ಗಟ್ಟಿಯಾಗಿ ಓದಿದಿರಿ.

ಪುಸ್ತಕ ಗ್ರಂಥಾಲಯದ್ದು ಎಂಬ ನಿಲುವಿನಲ್ಲಿ ಬದಲಾವಣೆ ಇಲ್ಲ. ಬಾಲ್ಕನಿಯಲ್ಲಿ ಬಿಸಿಲಿಗೆ ಇಡಬೇಡಿ, ನೀಲಿ ರಟ್ಟು ಬೇಗ ಬಣ್ಣ ಬಿಡುತ್ತದೆ.

ಗ್ರಂಥಪಾಲಕಿ


ಜುಲೈ 3

ಪ್ರೀತಿಯ ಮೇಡಂ,

ಗಿಳಿ. ಆ ಹೆಸರನ್ನು ನಾನೇ ಮರೆತಿದ್ದೆ. ಕನ್ನಡಿಯ ಮುಂದೆ ನಿಂತು ಒಂದು ಸಲ ಹಾಗೆ ಕರೆದುಕೊಂಡೆ. ಇಲ್ಲಿ ನನ್ನನ್ನು ಯಾರೂ ಯಾವ ಹೆಸರಿನಿಂದಲೂ ಕರೆಯುವ ಸಂದರ್ಭವೇ ಬರುವುದಿಲ್ಲ. ಎರಡೇ ಜನ ಇರುವ ಮನೆಯಲ್ಲಿ ಹೆಸರು ಹಿಡಿದು ಕರೆಯುವ ಅಗತ್ಯವಾದರೂ ಏನು ಹೇಳಿ?

ನಮ್ಮವರಿಗೆ ದೊಡ್ಡ ಕೇಸು ಸಿಕ್ಕಿದೆ. ಬೇರೆ ಊರಿನ ಕೋರ್ಟಿಗೆ ಹೋಗಿ ಹತ್ತು ದಿನವಾಯಿತು, ಇನ್ನೂ ಒಂದು ವಾರ ಆಗುತ್ತದಂತೆ. ಎಷ್ಟು ಹೆಮ್ಮೆಯಾಗುತ್ತದೆ. ಇಡೀ ಮನೆ ನನ್ನದೇ, ಬೇಕಾದ ಹೊತ್ತಿಗೆ ಏಳಬಹುದು, ಬೇಕಾದ ಹೊತ್ತಿಗೆ ತಿನ್ನಬಹುದು. ಕೆಲವು ಸಲ ತಿನ್ನುವುದೇ ಮರೆತುಹೋಗುತ್ತದೆ. ಸಂಜೆ ಕೆಳಗಿನ ಅಂಗಡಿಯವರು ಯಂತ್ರ ಓಡಿಸಿ ನೋಡುವುದನ್ನು ನಿಲ್ಲಿಸಿದ ಮೇಲೆ ಫ್ರಿಜ್ಜಿನ ಸದ್ದು ಕೇಳಲು ಶುರುವಾಗುತ್ತದೆ. ಅದಕ್ಕೂ ಒಂದು ರಾಗವಿದೆ ಗೊತ್ತಾ?

ಈಗ ಕೇಸಿಗೆ ಬರುತ್ತೇನೆ. ಪುಸ್ತಕ ಸಿಗಲಿಲ್ಲವೆಂದು ನೀವು ರಿಜಿಸ್ಟರಿನಲ್ಲಿ ಅದರ ನಂಬರನ್ನು ಹೊಡೆದುಹಾಕಿದ್ದೀರಿ, ಅಲ್ಲವೇ? ಅಂದರೆ ಅದನ್ನು ತೊರೆದಿದ್ದೀರಿ. ತೊರೆದ ವಸ್ತು ಸಿಕ್ಕಿದವರ ಪಾಲು. ಅದೂ ಅಲ್ಲದೆ ಇಷ್ಟು ವರ್ಷ ಕೇಳದೆ ಬಿಟ್ಟ ಹಕ್ಕನ್ನು ಈಗ ಕೇಳಲು ಅವಧಿ ಮೀರಿದೆ. ನಿನ್ನೆ ಊಟದ ಹೊತ್ತಿಗೆ ನಮ್ಮವರು ಈ ಎರಡೂ ಅಂಶಗಳನ್ನು ಬೆರಳು ಮಡಿಸಿ ಮಡಿಸಿ ಹೇಳಿದರು. ಇದಕ್ಕೆ ನಿಮ್ಮಲ್ಲಿ ಉತ್ತರ ಇರಲಾರದು ಎಂದು ನನಗೆ ಅನ್ನಿಸುತ್ತದೆ. ಇದ್ದರೆ ಉದ್ದವಾಗಿ ಬರೆಯಿರಿ.

ನಿಮ್ಮ ಗಿಳಿ


ಜುಲೈ 16

ಮಾನ್ಯರೇ,

ನಿಮ್ಮ ಅಂಶಗಳಿಗೆ ಉತ್ತರ.

ಸಿಗಲಿಲ್ಲ ಎಂದು ಬರೆದರೆ ಬೇಡ ಎಂದು ಬರೆದಂತೆ ಆಗುವುದಿಲ್ಲ. ನಾವು ಆ ಪುಸ್ತಕವನ್ನು ತೊರೆಯಲಿಲ್ಲ. ಇನ್ನು ಅವಧಿಯ ಮಾತು. ಪುಸ್ತಕ ನಿಮ್ಮ ಬಳಿ ಇರುವುದು ನಿಮಗೇ ಜೂನ್‌ವರೆಗೆ ಗೊತ್ತಿರಲಿಲ್ಲ. ನೀವು ಕೊಡುವುದಿಲ್ಲ ಎಂದ ದಿನದಿಂದ ಅವಧಿ ಶುರು. ನೀವು ಇನ್ನೂ ಹಾಗೆ ಅಂದಿಲ್ಲ, ವಾದ ಮಾತ್ರ ಮಾಡಿದ್ದೀರಿ. ಆದರೂ ಈ ಸಲದ ವಾದ ಹಿಂದಿನದಕ್ಕಿಂತ ಎಷ್ಟೋ ಚೆನ್ನಾಗಿದೆ. ಕಾನೂನು ಪುಸ್ತಕ ತೆರೆದು, ಕೂತು, ಓದಿ ಬರೆದಂತಿದೆ.

ಯಜಮಾನರು ಊರಲ್ಲಿಲ್ಲ ಎಂದು ಬರೆದಿದ್ದೀರಿ. ನಿನ್ನೆ ಊಟದ ಹೊತ್ತಿಗೆ ಬೆರಳು ಮಡಿಸಿ ಹೇಳಿದರು ಎಂದೂ ಬರೆದಿದ್ದೀರಿ. ಇದು ಗ್ರಂಥಾಲಯದ ವಿಷಯವಲ್ಲ, ನಾನು ಕೇಳುವುದಿಲ್ಲ.

ಈ ಪುಸ್ತಕದ ಮೇಲೆ ನಿಮಗೆ ಇಷ್ಟೊಂದು ಆಸೆ ಇರುವುದರಿಂದ ಗ್ರಂಥಾಲಯ ಸಮಿತಿಯ ಮುಂದೆ ವಿಷಯ ಇಟ್ಟೆ. ಅವರು ಚಹಾ ಮುಗಿಯುವುದರೊಳಗೆ ಒಪ್ಪಿದರು. ಪುಸ್ತಕವನ್ನು ನಿಮಗೇ ಬಿಟ್ಟುಕೊಡಲಾಗಿದೆ. ಧಾರಾಳವಾಗಿ ಹೆಸರು ಬರೆದುಕೊಳ್ಳಿ. ಈ ಬಗ್ಗೆ ಇನ್ನು ಪತ್ರವ್ಯವಹಾರದ ಅಗತ್ಯವಿಲ್ಲ. ನಿಮಗೆ ಸಂತೋಷವಾಗುತ್ತದೆಂದು ನಂಬಿದ್ದೇನೆ.

ಗ್ರಂಥಪಾಲಕಿ


ಜುಲೈ 22

ಗ್ರಂಥಪಾಲಕರಿಗೆ,

ಪತ್ರ ತಲುಪಿತು. ಸಮಿತಿಯವರಿಗೆ ಕೃತಜ್ಞತೆಗಳು.

ಸದಸ್ಯೆ


ಆಗಸ್ಟ್ 19

ಮಾನ್ಯರೇ,

ಒಂದು ತಿಂಗಳಿಂದ ನಿಮ್ಮ ಪತ್ರವಿಲ್ಲ. ಬರೆಯಬೇಡಿ ಎಂದವಳು ನಾನೇ, ಹಾಗಾಗಿ ಆಕ್ಷೇಪಿಸುವಂತಿಲ್ಲ. ಆದರೆ ಒಂದು ಗಂಭೀರ ಲೋಪ ಗಮನಕ್ಕೆ ಬಂದದ್ದರಿಂದ ಬರೆಯಬೇಕಾಯಿತು.

ಪುಸ್ತಕ ಬಿಟ್ಟುಕೊಡುವ ಅಧಿಕಾರ ನಮ್ಮ ಸಮಿತಿಗೆ ಇಲ್ಲ. ಗ್ರಂಥಾಲಯದ ಆಸ್ತಿ ಊರಿನವರದ್ದು. ಯಾವುದೇ ಪುಸ್ತಕ ಹೊರಗೆ ಹೋಗಬೇಕಾದರೆ ಮೇಲಿನ ಕಚೇರಿಯ ಒಪ್ಪಿಗೆ ಬೇಕು, ಪುಸ್ತಕದ ಮೊದಲ ಪುಟದ ಮೇಲೆ ‘ರದ್ದು’ ಎಂಬ ಮುದ್ರೆ ಬೀಳಬೇಕು. ಮುದ್ರೆ ನನ್ನ ಮೇಜಿನ ಮೇಲಿದೆ, ಪುಸ್ತಕ ನಿಮ್ಮಲ್ಲಿದೆ. ಆದ್ದರಿಂದ ಸಮಿತಿಯ ತೀರ್ಮಾನ ನಿಲ್ಲುವುದಿಲ್ಲ. ವ್ಯಾಜ್ಯ ಮತ್ತೆ ತೆರೆದುಕೊಂಡಿದೆ. ನಿಮ್ಮ ಕಡೆಯ ವಾದವೇನೆಂದು ತಿಳಿಸಿ. ಉದ್ದವಾಗಿದ್ದರೂ ಚಿಂತೆಯಿಲ್ಲ.

ಅಟೆಂಡರ್ ನಿವೃತ್ತರಾದರು. ಅವರ ಜಾಗಕ್ಕೆ ಯಾರನ್ನೂ ಕಳಿಸಿಲ್ಲ. ಬೆಳಿಗ್ಗೆ ಪತ್ರಿಕೆ ಓದುವ ನಾಲ್ಕಾರು ಜನ ಬಂದುಹೋದರೆ ಆಮೇಲೆ ಓದುವ ಕೋಣೆಯಲ್ಲಿ ನಾನು ಮತ್ತು ಫ್ಯಾನು. ‘ಮೌನ’ ಎಂಬ ಬೋರ್ಡನ್ನು ಮೊನ್ನೆ ಒರೆಸಲು ಇಳಿಸಿದೆ. ಮತ್ತೆ ತೂಗುಹಾಕಿಲ್ಲ. ಯಾರಿಗೆಂದು ಹಾಕುವುದು?

ಅಂಚೆಯವರು ಬಂದಾಗ ಬಿಲ್ಲು, ಸುತ್ತೋಲೆ ಕೊಟ್ಟು, “ಇಷ್ಟೇ ಮೇಡಂ” ಅನ್ನುತ್ತಾರೆ. ಮೊದಲು ಹಾಗೆ ಅನ್ನುತ್ತಿರಲಿಲ್ಲ. ನಾನು ಕೈಚಾಚಿಕೊಂಡೇ ನಿಂತಿರುತ್ತೇನೋ ಏನೋ.

ಗ್ರಂಥಪಾಲಕಿ


ಆಗಸ್ಟ್ 25

ಮೇಡಂ,

ನಿಮ್ಮ ಪತ್ರ ಓದಿ ತುಂಬ ನಕ್ಕೆ, ಆಮೇಲೆ ಅತ್ತೆ. ಸಮಿತಿಗೆ ಅಧಿಕಾರವಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ನಮ್ಮ ಮನೆಯ ಕಪಾಟಿನಲ್ಲಿರುವ ಕಾನೂನು ಪುಸ್ತಕಗಳಲ್ಲಿ ಓದಿದ್ದೆ. ಹೇಳಿದರೆ ಪುಸ್ತಕ ವಾಪಸ್ ಕೇಳುತ್ತೀರಿ, ಹೇಳದಿದ್ದರೆ ಪತ್ರ ನಿಲ್ಲುತ್ತದೆ. ಏನು ಮಾಡಬೇಕೆಂದು ತಿಳಿಯದೆ ಎರಡು ಸಾಲು ಗೀಚಿ ಕಳಿಸಿದೆ. ಪುಸ್ತಕ ನಿಮಗೇ ಇರಲಿ ಎಂದು ನೀವು ಬರೆದ ದಿನ ನನ್ನನ್ನು ಮನೆಯಿಂದ ಹೊರಗೆ ಹಾಕಿದ ಹಾಗಾಯಿತು. ನಾನು ಒಳಗೇ ಇದ್ದೆ, ಆದರೂ.

ನೀವು ಕೇಳುವುದಿಲ್ಲ ಅಂದಿರಿ, ನಾನು ಹೇಳುತ್ತೇನೆ. ನಮ್ಮವರು ಆ ಮಾತುಗಳನ್ನು ಯಾವತ್ತೂ ಆಡಲಿಲ್ಲ. ಈ ಪುಸ್ತಕ ಮನೆಯಲ್ಲಿದೆಯೆಂದೇ ಅವರಿಗೆ ಗೊತ್ತಿಲ್ಲ. ಚಮಚ ಕೆಳಗಿಟ್ಟು ನಕ್ಕದ್ದು, ಬೆರಳು ಮಡಿಸಿದ್ದು, ಅನ್ನ ಆರಿದ್ದು ಎಲ್ಲ ನಾನು ಮಾಡಿಕೊಂಡದ್ದು. ಪತ್ರದಲ್ಲಿ ನಾನು ‘ನಮ್ಮವರು’ ಎಂದು ಬರೆದವರು ತುಂಬ ಮಾತಾಡುತ್ತಾರೆ. ಮನೆಗೆ ಬರುವವರು ಬೇರೆ.

ಅವರು ಕೆಟ್ಟವರಲ್ಲ. ಇದನ್ನು ಬರೆಯದಿದ್ದರೆ ಇನ್ನೊಂದು ಸುಳ್ಳಾಗುತ್ತದೆ. ಕೂಗುವುದಿಲ್ಲ, ಕೈಯೆತ್ತುವುದಿಲ್ಲ, ಖರ್ಚಿಗೆ ಕೇಳುವ ಮೊದಲೇ ಇಟ್ಟಿರುತ್ತಾರೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ “ಊಟ ಆಯ್ತಾ?” ಅನ್ನುತ್ತಾರೆ. ಆಯಿತು ಅಂದೆನೋ ಇಲ್ಲ ಅಂದೆನೋ ಕೇಳಿಸುವಷ್ಟರಲ್ಲಿ ಫೈಲಿನ ದಾರ ಬಿಚ್ಚಿರುತ್ತಾರೆ. ಒಂದು ದಿನ ಪರೀಕ್ಷೆ ಮಾಡೋಣವೆಂದು, “ಇಲ್ಲ, ಇವತ್ತು ಮಂಚದ ಕಾಲು ತಿಂದೆ” ಅಂದೆ. “ಒಳ್ಳೇದು” ಅಂದರು.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಏನೆಂದು ದೂರುವುದು ಹೇಳಿ? ಹೊಡೆದರು ಅನ್ನಬಹುದು, ಬೈದರು ಅನ್ನಬಹುದು. ಮಾತಾಡುವುದಿಲ್ಲ ಅಂದರೆ, “ನಿಮ್ಮಪ್ಪ ಏನು ಭಾಷಣ ಮಾಡ್ತಿದ್ರಾ? ಹೊಂದ್ಕೊಂಡು ಹೋಗಮ್ಮ” ಅಂದಳು. ಒಂದು ವಾರ ಬಂದಿರುತ್ತೇನೆ ಅಂದೆ. ನನ್ನ ಕೋಣೆಯಲ್ಲಿ ಈಗ ಅಣ್ಣ ಅತ್ತಿಗೆ ಇದ್ದಾರೆ, ಹಾಲ್‌ನಲ್ಲಿ ಹಾಸಿಕೊಡಬೇಕಾಗುತ್ತದೆ, ಅಕ್ಕಪಕ್ಕದವರು ಏನಂದಾರು ಅಂದಳು. ಅದಕ್ಕೇ ನನ್ನ ಡ್ರಾಯಿಂಗ್ ಹಾಳೆಗಳನ್ನೂ ಪೆಟ್ಟಿಗೆಗೆ ತುಂಬಿ ಕಳಿಸಿದ್ದಾರೆ ಅಂತ ಆಗ ಅರ್ಥವಾಯಿತು. ಅಮ್ಮ ಪ್ರೀತಿಯಿಂದ ಕಟ್ಟಿದ್ದು ಅಂದುಕೊಂಡಿದ್ದೆ.

ಆದ್ದರಿಂದ ನನ್ನ ವಾದ ಇಷ್ಟೇ ಮೇಡಂ. ಪುಸ್ತಕ ನಿಮ್ಮದು. ಸೋಲು ಒಪ್ಪಿದೆ. ಹೆಸರು ಬರೆದಿಲ್ಲ, ಬಿಸಿಲಿಗೂ ಇಟ್ಟಿಲ್ಲ. ನಾನೇ ತಂದುಕೊಡಲೇ? ಆದರೆ ಅದರ ನಂಬರು, ಕಪಾಟಿನಲ್ಲಿ ಅದರ ಜಾಗ, ಎರಡನ್ನೂ ಅಪ್ಪ ತಂದ ಬದಲಿ ಪ್ರತಿಗೆ ಕೊಟ್ಟಿರುತ್ತೀರಲ್ಲ? ಜಾಗ ತುಂಬಿಹೋದ ಮೇಲೆ ವಾಪಸ್ ಬಂದದ್ದನ್ನು ಏನು ಮಾಡುತ್ತೀರಿ? ಇದಕ್ಕೆ ಕಾನೂನು ಪುಸ್ತಕಗಳಲ್ಲಿ ಉತ್ತರ ಸಿಗಲಿಲ್ಲ.

ಗಿಳಿ


ಸೆಪ್ಟೆಂಬರ್ 1

ಗಿಳಿಗೆ,

ಇನ್ನು ‘ಮಾನ್ಯರೇ’ ಎಂದು ಬರೆಯಲು ನನ್ನಿಂದಾಗದು.

ನಿನ್ನ ಪ್ರಶ್ನೆಗೆ ಉತ್ತರವಿದೆ. ನಮ್ಮ ನಿಯಮದಲ್ಲಿ ಒಂದು ಸಾಲು ಹೀಗೆ ಹೇಳುತ್ತದೆ: ಕಳೆದ ಪುಸ್ತಕ ಮತ್ತೆ ಸಿಕ್ಕಿ ಒಳ್ಳೆಯ ಸ್ಥಿತಿಯಲ್ಲಿ ಹಿಂದಿರುಗಿ ಬಂದರೆ, ಅದಕ್ಕೆ ಅದರ ಹಳೆಯ ನಂಬರನ್ನೇ ಕೊಟ್ಟು ಅದರ ಜಾಗದಲ್ಲೇ ಇಡಬೇಕು, ಬದಲಿ ಪ್ರತಿಯನ್ನು ಸದಸ್ಯರಿಗೆ ಮರಳಿಸಬೇಕು. ಅಂದರೆ ನಿನ್ನ ಕೈಯಲ್ಲಿರುವುದು ಗ್ರಂಥಾಲಯದ್ದು, ನಮ್ಮ ಕಪಾಟಿನಲ್ಲಿ ಕೂತಿರುವುದು ನಿನ್ನದು. ಅದರ ಮೇಲೆ ನೀನು ಹೆಸರು ಬರೆಯಬಹುದು, ಯಾವ ಸಮಿತಿಯೂ ಕೇಳುವಂತಿಲ್ಲ.

ಈ ನಿಯಮ ನನ್ನ ಮೇಜಿನ ಗಾಜಿನ ಕೆಳಗೇ ಇದೆ. ನಿನ್ನ ಮೊದಲ ಪತ್ರ ಬಂದ ದಿನವೂ ಇತ್ತು. ಅದನ್ನು ಬರೆದಿದ್ದರೆ ಒಂದೇ ಉತ್ತರದಲ್ಲಿ ಎಲ್ಲ ಮುಗಿಯುತ್ತಿತ್ತು. ಮೊದಲ ಸಲ ಬರೆಯದಿದ್ದದ್ದು ನಿನ್ನ ಉದ್ದ ಪತ್ರದ ಮೇಲಿನ ಸಿಟ್ಟಿಗೆ. ಎರಡನೆಯ ಸಲ ಬರೆಯದಿದ್ದದ್ದು ಮೂರನೆಯ ಪತ್ರ ಬರಲಿ ಎಂದು. ಆಮೇಲೆ ನಿನಗೆ ಮನೆ ತುಂಬ ಮಾತು, ನಗು ಇದೆ, ನಾನೇ ಮುದುಕಿ ಅದರ ನಡುವೆ ತೂರಿಕೊಳ್ಳುತ್ತಿದ್ದೇನೆ ಎನ್ನಿಸಿ ಸಮಿತಿಗೆ ಹೋದೆ. ನೀನು ನಿನ್ನ ಯಜಮಾನರ ಬಗ್ಗೆ ಬರೆದದ್ದನ್ನೆಲ್ಲ ನಾನು ನಂಬಿದ್ದೆ. ಆ ತಾರೀಕಿನ ತಪ್ಪು ಕಂಡ ಮೇಲೂ, ಹೊಸ ಮದುವೆಯ ಹುಡುಗಿ, ಸಂತೋಷದಲ್ಲಿ ದಿನ ಕಲಸಿಕೊಂಡಿದ್ದಾಳೆ ಎಂದೇ ಅಂದುಕೊಂಡೆ.

ಪುಸ್ತಕವನ್ನು ಅಂಚೆಯಲ್ಲಿ ಕಳಿಸಬೇಡ. ಸದಸ್ಯರೇ ಬಂದು ಕೊಟ್ಟು ತೆಗೆದುಕೊಂಡು ಹೋಗಬೇಕು. ಇದು ನಿಯಮದಲ್ಲಿ ಇಲ್ಲ, ನಾನು ಹೇಳುತ್ತಿದ್ದೇನೆ.

ಗ್ರಂಥಾಲಯದ ಹಿಂದೆಯೇ ನನ್ನ ಎರಡು ಕೋಣೆಯ ಮನೆ. ಒಂದು ಕೋಣೆಯಲ್ಲಿ ಅಕ್ಕ ಇದ್ದಳು. ಅವಳು ಹೋದ ಮೇಲೆ ಆ ಮಂಚದ ಮೇಲೆ ಹಳೆಯ ಪತ್ರಿಕೆಗಳನ್ನು ಒಟ್ಟಿದ್ದೆ. ನಿನ್ನೆ ಅವನ್ನೆಲ್ಲ ರದ್ದಿಗೆ ಹಾಕಿದೆ. ಎಷ್ಟು ದಿನ ಇರುತ್ತೀಯ ಎಂದು ನಾನು ಕೇಳುವುದಿಲ್ಲ. ಬರುವ ಮೊದಲು ಮನೆಯಲ್ಲಿ ಹೇಳಿ ಬಾ. ಹೇಳದೆ ಬಂದರೆ ಓಡಿಬಂದಂತೆ. ನೀನು ಓಡಿಬರುವಂಥ ತಪ್ಪೇನೂ ಮಾಡಿಲ್ಲ.

ನಿನ್ನ ಮೇಡಂ


ಸೆಪ್ಟೆಂಬರ್ 7

ಮೇಡಂ,

ಹೇಳಿದೆ. ಹೇಗೆ ಶುರುಮಾಡಬೇಕೆಂದು ತಿಳಿಯದೆ ಪುಸ್ತಕವನ್ನು ತಂದು ಅವರ ಫೈಲಿನ ಮೇಲೆ ಇಟ್ಟೆ. ಕಳೆದದ್ದು, ಅಪ್ಪ ಇನ್ನೊಂದು ತಂದುಕೊಟ್ಟದ್ದು, ಈಗ ಸಿಕ್ಕಿದ್ದು ಇಷ್ಟನ್ನೂ ಹೇಳಿ, ಇದು ಯಾರದ್ದು ಅಂತ ಕೇಳಿದೆ. ಅವರು ಪುಸ್ತಕ ತಿರುಗಿಸಿ ಮುದ್ರೆ ನೋಡಿ, “ಲೈಬ್ರರೀದು” ಅಂದರು. ನಾವಿಬ್ಬರೂ ಬೇಸಿಗೆಯ ಕೊನೆಯಿಂದ ಮಳೆಗಾಲದ ಕೊನೆಯವರೆಗೆ ಎಳೆದದ್ದನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಸರಿಯಾಗಿಯೇ ಹೇಳಿದರು ಮೇಡಂ, ಅದನ್ನೇ ನನಗೆ ತಡೆಯಲಾಗಲಿಲ್ಲ. ಮೊದಲ ದಿನವೇ ಕೇಳಿದ್ದರೆ ನಿಮಗೆ ಪತ್ರ ಬರೆಯುತ್ತಲೇ ಇರಲಿಲ್ಲ.

ನಾನು ಅಳುವುದನ್ನು ನೋಡಿ ಪೆನ್ನು ಕೆಳಗಿಟ್ಟರು. “ಒಂದು ಪುಸ್ತಕಕ್ಕೆ ಯಾಕೆ ಅಳ್ತೀಯ? ವಾಪಸ್ ಕಳಿಸಿದ್ರಾಯ್ತು” ಅಂದರು. ಪುಸ್ತಕಕ್ಕಲ್ಲ ಅಂದೆ. ಮತ್ತೆ ಯಾತಕ್ಕೆ ಅಂದರು. ಆಗ ನಿಮಗೆ ಬರೆದದ್ದನ್ನೆಲ್ಲ ಅವರಿಗೆ ಹೇಳಲು ಹೋದೆ. ಮನೆ, ಫ್ರಿಜ್ಜಿನ ಸದ್ದು, ಮಂಚದ ಕಾಲು. ಮಂಚದ ಕಾಲಿನ ಮಾತು ಅವರಿಗೆ ನೆನಪೇ ಇರಲಿಲ್ಲ. ತುಂಬ ಹೊತ್ತು ಕೇಳಿದರು. ಪೂರ್ತಿ ಅರ್ಥವಾಯಿತೋ ಇಲ್ಲವೋ ನನಗೆ ತಿಳಿಯದು. ಕೊನೆಗೆ, “ನನಗೆ ಮನೇಲಿ ಏನು ಮಾತಾಡ್ಬೇಕು ಅಂತ ಗೊತ್ತಾಗಲ್ಲ, ಕೋರ್ಟಲ್ಲಾದ್ರೆ ಯಾರಾದ್ರೂ ಏನಾದ್ರೂ ಕೇಳ್ತಾರೆ” ಅಂದರು. ಇಷ್ಟು ಉದ್ದದ ವಾಕ್ಯವನ್ನು ಅವರು ನನ್ನ ಹತ್ತಿರ ಮೊದಲ ಸಲ ಆಡಿದ್ದು. ಪಾಪ ಅನ್ನಿಸಿತು. ಆದರೆ ಪಾಪ ಅನ್ನಿಸಿದ ಮಾತ್ರಕ್ಕೆ ಉಳಿದುಬಿಟ್ಟರೆ ನಾಳೆಯಿಂದ ಮತ್ತೆ ಫೈಲಿನ ದಾರ, ನನಗೆ ಗೊತ್ತು.

ಹೋಗಿಬರುತ್ತೇನೆ ಅಂದೆ. ಯಾವಾಗ ವಾಪಸ್ ಅಂದರು. ಗೊತ್ತಿಲ್ಲ, ನೀವು ಪತ್ರ ಬರೆಯಿರಿ ನೋಡೋಣ ಅಂದೆ. ಏನಂತ ಬರೆಯುವುದು ಅಂತ ಕೇಳಿದರು. ಉತ್ತರ ಹೇಳಿಕೊಡಲಿಲ್ಲ.

ಸೋಮವಾರ ಬೆಳಗಿನ ಬಸ್ಸು. ಕತ್ತಲಾಗುವ ಹೊತ್ತಿಗೆ ಊರು ಮುಟ್ಟುತ್ತದೆ. ಮೊದಲು ಅಮ್ಮನ ಮನೆಗೆ ಹೋಗುವುದಿಲ್ಲ, ನಿಮ್ಮಲ್ಲಿಗೇ ಬರುತ್ತೇನೆ. ಬಸ್ಸು ತಡವಾದರೆ ಕಾಯಬೇಡಿ, ಊಟ ಮಾಡಿ ಮಲಗಿ ಅಂತ ಇಲ್ಲಿ ಒಂದು ಸಾಲು ಬರೆದಿದ್ದೆ. ಅದನ್ನು ಹೊಡೆದುಹಾಕಿದ್ದೇನೆ.

ಎಷ್ಟು ತಡವಾದರೂ ಕಾಯಿರಿ.

ಗಿಳಿ